ಕತ್ತರಿ ಹಿಡಿದ ಕೈಗೆ ಬಂಡವಾಳ ಎಲ್ಲಿಂದ?

ಸಮುದಾಯದ ಆರ್ಥಿಕ ಹಿಂದುಳಿದಿರುವಿಕೆಯ ಕುರಿತು ಚರ್ಚೆ ನಡೆದಾಗಲೆಲ್ಲ ಮೀಸಲಾತಿ, ಉನ್ನತ ಶಿಕ್ಷಣ, ಕೊಲ್ಲಿಯ ದುಡಿಮೆ ಮುಂತಾದ ವಿಷಯಗಳು ಪ್ರಸ್ತಾಪವಾಗುತ್ತವೆ. ಆದರೆ ನಮ್ಮದೇ ಬೀದಿಯಲ್ಲಿ ಎರಡು ಕುರ್ಚಿ ಮತ್ತು ಒಂದು ಕನ್ನಡಿಯನ್ನಿಟ್ಟುಕೊಂಡು ಸಂಸಾರ ಸಾಗಿಸುತ್ತಿರುವ ಕ್ಷೌರಿಕನ ಪ್ರಶ್ನೆ ಆ ಚರ್ಚೆಗಳಲ್ಲಿ ಬರುವುದು ತೀರಾ ಅಪರೂಪ. ಸರಕಾರಿ ಕೆಲಸ ಕೇಳದೆ, ಯಾರ ಮುಂದೆಯೂ ಕೈಯೊಡ್ಡದೆ ಸ್ವಂತ ಕಸುಬಿನಿಂದ ಬದುಕುವವನಿಗೆ ನಮ್ಮ ನೆರವಿನ ಅಗತ್ಯವಿಲ್ಲವೆಂದು ನಾವು ಭಾವಿಸಿಕೊಂಡಿದ್ದೇವೆಯೇ?

ಹಾಸನ ಜಿಲ್ಲೆಯ ಗೊರೂರನ್ನೇ ತೆಗೆದುಕೊಳ್ಳಿ. ಹೇಮಾವತಿ ಅಣೆಕಟ್ಟಿನಿಂದ ನಾಡಿಗೆಲ್ಲ ಪರಿಚಿತವಾಗಿರುವ ಈ ಊರಿನಂತಹ ಕಡೆಗಳಲ್ಲಿ ಕ್ಷೌರದಂಗಡಿ ನಡೆಸುವವರ ಎದುರು ಇಂದು ಹೊಸ ಸವಾಲಿದೆ. ಮದುವೆ, ಹಬ್ಬ ಬಂತೆಂದರೆ ಯುವಕರು ಬಸ್ಸು ಹತ್ತಿ ಹಾಸನದ ಹವಾನಿಯಂತ್ರಿತ ಸಲೂನಿಗೆ ಹೋಗುತ್ತಾರೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸಣ್ಣ ಅಂಗಡಿಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಗಿರಾಕಿಯನ್ನು ಉಳಿಸಿಕೊಳ್ಳಬೇಕಾದರೆ ಒಳ್ಳೆಯ ಕುರ್ಚಿ ಬೇಕು, ಬೆಳಕು ಬೇಕು, ಬಿಸಿನೀರು ಬೇಕು, ಉಪಕರಣಗಳ ಶುಚಿತ್ವಕ್ಕೆ ವ್ಯವಸ್ಥೆ ಬೇಕು. ಮಗನಿಗೂ ಒಂದು ಅಂಗಡಿ ಹಾಕಿಕೊಡಬೇಕೆಂದರೆ ಮಳಿಗೆಯ ಮುಂಗಡವೂ ಬೇಕು.

ಈ ಹಣಕ್ಕಾಗಿ ಆತ ಮೊದಲು ಹೋಗುವುದು ಯಾರ ಬಳಿಗೆ? ದಿನವಹಿ ವಸೂಲಿಯವನ ಬಳಿಗೆ. ಹತ್ತು ಸಾವಿರವೆಂದು ಬರೆದು, ಸಾವಿರ ಮುರಿದುಕೊಂಡು ಒಂಬತ್ತು ಸಾವಿರ ಕೈಗಿಡುತ್ತಾರೆ. ನೂರು ದಿನಗಳ ಕಾಲ ದಿನಕ್ಕೆ ನೂರರಂತೆ ಮರಳಿಸಬೇಕು. ಸಾವಿರ ರೂಪಾಯಿ ತಾನೇ ಎಂದು ತೋರುತ್ತದೆ. ಆದರೆ ಅಸಲು ದಿನದಿನವೂ ಕರಗುತ್ತಾ ಹೋಗುವುದನ್ನು ಲೆಕ್ಕ ಹಾಕಿದರೆ ಇದರ ವಾರ್ಷಿಕ ಬಡ್ಡಿ ಶೇ. 75ನ್ನೂ ಮೀರುತ್ತದೆ. ಕಿರುಸಾಲ ವಸೂಲಿಯ ಕಿರುಕುಳ ಎಲ್ಲೆ ಮೀರಿದ ಕಾರಣದಿಂದಲೇ ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗಿನ ಸೆರೆವಾಸ ವಿಧಿಸಬಲ್ಲ ಸುಗ್ರೀವಾಜ್ಞೆಯನ್ನು ತರಬೇಕಾಯಿತು. ಕಾನೂನು ಕಿರುಕುಳವನ್ನು ತಡೆಯಬಹುದು. ಆದರೆ ಬಂಡವಾಳವನ್ನು ಅದು ಒದಗಿಸಲಾರದು.

ಹಾಗಾದರೆ ಬೇರೆ ಬಾಗಿಲುಗಳಿಲ್ಲವೇ? ಇವೆ. 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರಕಾರ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರಿಕ ವೃತ್ತಿಯೂ ಸೇರಿದೆ. ಹೆಸರನ್ನು ಕಂಡು ಇದು ನಮಗಲ್ಲವೆಂದು ದೂರ ಸರಿಯಬೇಕಾಗಿಲ್ಲ. ಈ ಯೋಜನೆಗೆ ಕಸುಬೇ ಅರ್ಹತೆ. ಮೂಲ ತರಬೇತಿ, ಆ ಅವಧಿಯಲ್ಲಿ ದಿನಕ್ಕೆ 500 ರೂ. ಭತ್ತೆ, ಸಲಕರಣೆಗಾಗಿ 15,000 ರೂ.ವರೆಗಿನ ನೆರವು, ಬಳಿಕ ಅಡಮಾನವಿಲ್ಲದೆ ಮೊದಲ ಕಂತಿನಲ್ಲಿ ಒಂದು ಲಕ್ಷ ಮತ್ತು ಎರಡನೆಯ ಕಂತಿನಲ್ಲಿ ಎರಡು ಲಕ್ಷದವರೆಗೆ ಶೇ. 5ರ ಬಡ್ಡಿಯಲ್ಲಿ ಸಾಲ ಇದರಲ್ಲಿದೆ. ಮೊದಲ ಲಕ್ಷವನ್ನು 18 ತಿಂಗಳಲ್ಲಿ ತೀರಿಸಬೇಕು. ಅಂದರೆ ತಿಂಗಳಿಗೆ ಸುಮಾರು 5,800 ರೂಪಾಯಿ. ತಿಂಗಳಲ್ಲಿ 26 ದಿನ ಅಂಗಡಿ ತೆರೆದರೆ ದಿನಕ್ಕೆ 225 ರೂಪಾಯಿಯನ್ನು ಬದಿಗಿಡಬೇಕಾಗುತ್ತದೆ. ಹೊಸ ಕುರ್ಚಿಯಿಂದ ದಿನಕ್ಕೆ ಅಷ್ಟು ಹೆಚ್ಚುವರಿ ಆದಾಯ ಬರುವುದೇ ಎಂಬ ಲೆಕ್ಕವನ್ನು ಸಾಲಕ್ಕೆ ಮುನ್ನವೇ ಮಾಡಬೇಕು.

ಇನ್ನೊಂದು, ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶ್ರಮಶಕ್ತಿ ಯೋಜನೆ. ಶೇ. 4ರ ಬಡ್ಡಿಯಲ್ಲಿ 50,000 ರೂ.ವರೆಗಿನ ಈ ಸಾಲದ ಅರ್ಧಾಂಶವನ್ನು 36 ತಿಂಗಳೊಳಗೆ ಮರಳಿಸಿದವರಿಗೆ ಉಳಿದರ್ಧ ಸಹಾಯಧನವಾಗಿ ಮಾರ್ಪಡುತ್ತದೆ. ತಪ್ಪಿದರೆ ಅದೂ ಸಾಲವಾಗಿಯೇ ಉಳಿಯುತ್ತದೆ. ಅರ್ಜಿ ಕರೆಯುವ ಪ್ರಕಟಣೆಯಲ್ಲಿ ಆಯಾ ವರ್ಷದ ಷರತ್ತುಗಳನ್ನು ಓದಿಕೊಳ್ಳುವುದು ಅಗತ್ಯ. ದೊಡ್ಡ ವಿಸ್ತರಣೆಗೆ 2015ರಲ್ಲಿ ಆರಂಭವಾದ ಮುದ್ರಾ ಸಾಲವಿದೆ. ಶಿಶು ವಿಭಾಗದಲ್ಲಿ 50,000, ಕಿಶೋರ್‌ನಲ್ಲಿ 5 ಲಕ್ಷ, ತರುಣ್‌ನಲ್ಲಿ 10 ಲಕ್ಷದವರೆಗೆ ಅಡಮಾನವಿಲ್ಲದೆ ಸಿಗುತ್ತದೆ. ಆದರೆ ಇಲ್ಲಿ ಬಡ್ಡಿದರವನ್ನು ಬ್ಯಾಂಕುಗಳೇ ನಿರ್ಧರಿಸುತ್ತವೆ. ಗಮನಿಸಬೇಕಾದ ಮತ್ತೊಂದು ಅಂಶವೇನೆಂದರೆ, ಮುದ್ರಾ ಸಾಲ ಬಾಕಿಯಿರುವವರಿಗೆ ವಿಶ್ವಕರ್ಮ ಯೋಜನೆಯ ಬಾಗಿಲು ತೆರೆಯದು. ಪೂರ್ತಿ ತೀರಿಸಿದವರಿಗೆ ತೆರೆಯುತ್ತದೆ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶ. ಆದ್ದರಿಂದ ಯಾವುದು ಮೊದಲು ಎಂಬುದನ್ನು ಮನೆಯವರು ಕುಳಿತು ನಿರ್ಧರಿಸಬೇಕು.

ಇಷ್ಟೆಲ್ಲ ಇದ್ದರೂ ಯೋಜನೆಗಳು ಅಂಗಡಿಯ ಹೊಸ್ತಿಲನ್ನು ಏಕೆ ತಲುಪುವುದಿಲ್ಲ? ಜಾಹೀರಾತಿನಲ್ಲಿ ನಾಯಕರ ಭಾವಚಿತ್ರವನ್ನು ಅಚ್ಚು ಹಾಕಿಸುವಲ್ಲಿ ಸರಕಾರಗಳಿಗಿರುವ ಉತ್ಸಾಹ ಅರ್ಜಿದಾರನನ್ನು ಕೈಹಿಡಿದು ನಡೆಸುವಲ್ಲಿ ಇಲ್ಲ ಎಂಬುದು ಒಂದು ಕಾರಣ. ಕಾಗದದ ಮೇಲೆ ಅಂಗಡಿ ಅಸ್ತಿತ್ವದಲ್ಲೇ ಇಲ್ಲದಿರುವುದು ಇನ್ನೊಂದು. ಬಾಡಿಗೆ ಕರಾರಿಲ್ಲ, ಪಂಚಾಯತಿನ ಪರವಾನಗಿಯಿಲ್ಲ, ಬ್ಯಾಂಕ್ ಖಾತೆಯಲ್ಲಿ ವ್ಯವಹಾರವಿಲ್ಲ. ಉದ್ಯಮ್ ನೋಂದಣಿ ಸಂಪೂರ್ಣ ಉಚಿತವಾಗಿದ್ದರೂ ಅದಕ್ಕಾಗಿ ದಲ್ಲಾಳಿಗೆ ಹಣ ತೆರುವವರಿದ್ದಾರೆ. ಸಣ್ಣ ಉದ್ದಿಮೆಗಳ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಬ್ಯಾಂಕುಗಳಿಗೆ ಸೂಚಿಸಿತ್ತು. ಈ ಮಾತನ್ನು ಮ್ಯಾನೇಜರರ ಮೇಜಿನ ಮುಂದೆ ನಿಂತು ಹೇಳುವ ಧೈರ್ಯ ಒಬ್ಬ ಬಡ ಕ್ಷೌರಿಕನಿಗೆ ಬರುವುದಾದರೂ ಹೇಗೆ? ಆತನ ಜೊತೆ ಊರಿನ ಓದಿದ ಯುವಕನೊಬ್ಬ ಹೋಗಬೇಕಲ್ಲವೇ?

ಇನ್ನು ಬಡ್ಡಿಯ ಪ್ರಶ್ನೆ. ಶೇ. 4 ಆಗಲಿ, 5 ಆಗಲಿ, ಬಡ್ಡಿ ಬಡ್ಡಿಯೇ ಎಂದು ಹಿಂಜರಿಯುವ ಕುಟುಂಬಗಳು ನಮ್ಮಲ್ಲಿ ಬಹಳಷ್ಟಿವೆ. ಆ ಹಿಂಜರಿಕೆ ಗೌರವಾರ್ಹವಾದುದು. ಆದರೆ ಬಡ್ಡಿ ನಿಷಿದ್ಧವೆಂದು ಮಿಂಬರಿನಿಂದ ಘೋಷಿಸಿದ ಮಾತ್ರಕ್ಕೆ ನಮ್ಮ ಹೊಣೆ ಮುಗಿಯಿತೇ? ಪರ್ಯಾಯವನ್ನು ಒದಗಿಸದ ಉಪದೇಶ ಬಡವನನ್ನು ಇನ್ನೂ ಕ್ರೂರವಾದ ಬಡ್ಡಿಯ ಕಡೆಗೆ ತಳ್ಳುತ್ತದೆ ಎಂಬುದೇ ಕಹಿಸತ್ಯ. ರಘುರಾಮ್ ರಾಜನ್ ಸಮಿತಿ 2008ರಲ್ಲಿ ಬಡ್ಡಿರಹಿತ ಬ್ಯಾಂಕಿಂಗ್‌ಗೆ ಶಿಫಾರಸು ಮಾಡಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾವವನ್ನು ಕೈಬಿಟ್ಟಿತು. ಹಾಗಿರುವಾಗ ಉಳಿದಿರುವುದು ಸಮುದಾಯದ ಸ್ವಂತ ಪ್ರಯತ್ನ. ಪಾಕಿಸ್ತಾನದಲ್ಲಿ 2001ರಲ್ಲಿ ಅಮ್ಜದ್ ಸಾಕಿಬ್ ಆರಂಭಿಸಿದ ಅಖುವತ್ ಸಂಸ್ಥೆ ಮಸೀದಿಗಳಂತಹ ಆರಾಧನಾಲಯಗಳಲ್ಲೇ ಬಡ್ಡಿಯಿಲ್ಲದ ಸಣ್ಣ ಸಾಲಗಳನ್ನು ಹಂಚುತ್ತಾ ಬೆಳೆದ ಬಗೆಯನ್ನು ಜಗತ್ತು ಗುರುತಿಸಿತು. 2021ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಲಭಿಸಿತು. ಅಲ್ಲಿ ಸಾಧ್ಯವಾದುದು ನಮ್ಮ ಊರುಗಳಲ್ಲಿ ಏಕೆ ಸಾಧ್ಯವಾಗಬಾರದು?

ಆದರೆ ಎಚ್ಚರವೂ ಅಷ್ಟೇ ಮುಖ್ಯ. ಹಲಾಲ್ ಲಾಭದ ಹೆಸರಿನಲ್ಲಿ ಠೇವಣಿ ಸಂಗ್ರಹಿಸಿದ ಬೆಂಗಳೂರಿನ ಐಎಂಎ 2019ರ ಜೂನ್‌ನಲ್ಲಿ ಕುಸಿದಾಗ ಸಾವಿರಾರು ಕುಟುಂಬಗಳ ಉಳಿತಾಯ ಮುಳುಗಿಹೋಯಿತು. ನಮಗೆ ಬೇಕಾಗಿರುವುದು ಲಾಭದ ಆಮಿಷವೊಡ್ಡುವ ಕಂಪೆನಿಯಲ್ಲ. ಕಾನೂನಿನಂತೆ ನೋಂದಾಯಿತವಾದ, ಪ್ರತಿವರ್ಷ ಲೆಕ್ಕಪರಿಶೋಧನೆಯಾಗುವ, ಜಮಾಅತಿನ ಮುಂದೆ ಲೆಕ್ಕ ಓದಿ ಹೇಳುವ ಒಂದು ಸಣ್ಣ ಕರ್ಝೆ ಹಸನ್ ನಿಧಿ. ಹಣವನ್ನು ಕೈಗೆ ಕೊಡುವ ಬದಲು ಕುರ್ಚಿ ಮಾರುವವನಿಗೆ ನೇರವಾಗಿ ಪಾವತಿಸಲಿ. ಇಬ್ಬರು ಜಾಮೀನು ನಿಲ್ಲಲಿ. ಕಂತು ತಪ್ಪಿದವನ ಮನೆಗೆ ಹೋಗಿ ಕಾರಣ ವಿಚಾರಿಸಲಿ. ನಿಜವಾಗಿಯೂ ಸಾಲದಲ್ಲಿ ಮುಳುಗಿದವನಿಗೆ ಝಕಾತಿನಲ್ಲಿ ಹಕ್ಕಿದೆಯೆಂಬುದನ್ನು ಮರೆಯದಿರಲಿ. ಉಳ್ಳವರು ಪಾಲುದಾರರಾಗಲೂಬಹುದು. ಅಂಗಡಿಯ ಮಾಲೀಕ ಮತ್ತು ಕೆಲಸಗಾರ ಗಳಿಕೆಯನ್ನು ಹಂಚಿಕೊಳ್ಳುವ ಪದ್ಧತಿ ಈ ಕಸುಬಿನಲ್ಲಿ ಮೊದಲಿನಿಂದಲೂ ಇದೆ. ಹೊಸ ಕುರ್ಚಿಗೆ ಹಣ ಹಾಕಿದವನು ಲಾಭದಂತೆ ನಷ್ಟವನ್ನೂ ಹಂಚಿಕೊಂಡರೆ ಅಲ್ಲಿ ಬಡ್ಡಿಯ ಪ್ರಶ್ನೆಯೇ ಏಳದು.

ಕೊನೆಗೆ, ಹೇಳಲೇಬೇಕಾದ ಒಂದು ಮಾತು. ಇಸ್ಲಾಮಿನಲ್ಲಿ ಜಾತಿಯಿಲ್ಲವೆಂದು ಹೆಮ್ಮೆಪಡುವ ನಾವು ಕ್ಷೌರಿಕ ಕುಟುಂಬಗಳೊಂದಿಗೆ ಸಂಬಂಧ ಬೆಳೆಸಲು ಹಿಂದೇಟು ಹಾಕಿದ್ದೇವೆ. ಅರಬಿಯಲ್ಲಿ ಹಿಜಾಮಾ ಚಿಕಿತ್ಸೆ ಮಾಡುವವನನ್ನು ಸೂಚಿಸುವ ಹಜ್ಜಾಮ್ ಎಂಬ ಪದ ನಮ್ಮ ನಾಲಗೆಯಲ್ಲಿ ಬೈಗುಳವಾಗಿಬಿಟ್ಟಿದೆ. ಪ್ರವಾದಿಯವರು(ಸ) ಏನು ಮಾಡಿದ್ದರು? ತಮಗೆ ಹಿಜಾಮಾ ಮಾಡಿದ ಅಬೂ ತೈಬಾರಿಗೆ ಕೂಲಿಯನ್ನು ಕೊಟ್ಟುದಲ್ಲದೆ, ಅವರ ದುಡಿಮೆಯಿಂದ ಪಾಲು ಪಡೆಯುತ್ತಿದ್ದ ಯಜಮಾನರೊಂದಿಗೆ ಮಾತನಾಡಿ ಆ ಹೊರೆಯನ್ನು ಕಡಿಮೆ ಮಾಡಿಸಿದರು. ಶ್ರಮಕ್ಕೆ ತಕ್ಕ ಬೆಲೆ, ಶ್ರಮಿಕನ ಹೊರೆಯಲ್ಲಿ ಇಳಿಕೆ, ಇವೆರಡೂ ಒಟ್ಟಿಗೇ ನಡೆದವು. ಪ್ರತಿಯೊಂದು ಮಸೀದಿ ಸಮಿತಿಯೂ ತನ್ನ ವ್ಯಾಪ್ತಿಯ ಕ್ಷೌರಿಕರನ್ನು ಒಂದು ದಿನ ಕರೆಸಿ, ಯಾರಿಗೆಷ್ಟು ಸಾಲವಿದೆ, ಯಾರ ಬಳಿ ಯಾವ ಕಾಗದವಿಲ್ಲ ಎಂದು ಬರೆದುಕೊಳ್ಳುವುದಕ್ಕೆ ಬಂಡವಾಳವೇನೂ ಬೇಕಾಗಿಲ್ಲ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಅದು ಮೊದಲ ವಿಷಯವಾಗಲಿ.