ಪೆಟ್ರೋಲೂ ಹಳಸುತ್ತದೆ

ದಸರಾ ಮುಗಿದ ಮೇಲೆ ನಮ್ಮ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆಯ ಊರುಗಳಲ್ಲಿ ಬೀಗ ಹಾಕಿದ ಮನೆಗಳು ಕಾಣುತ್ತವೆ. ಕೆಲವರು ಚಿಕ್ಕಮಗಳೂರಿನ ಕಾಫಿ ತೋಟಕ್ಕೆ, ಕೆಲವರು ಮಂಡ್ಯದ ಕಡೆ ಕಬ್ಬು ಕಡಿಯಲು, ಕೆಲವರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಗುಳೆ ಹೋಗಿರುತ್ತಾರೆ. ಅಂಥ ಎಷ್ಟೋ ಮನೆಗಳ ಮುಂದೆ ಹಳೆಯ ಚೀಲ ಹೊದಿಸಿದ ಬೈಕೊಂದು ನಿಂತಿರುತ್ತದೆ. ನಾನು ಬರೆಯುತ್ತಿರುವುದು ಆ ಬೈಕಿನ ಬಗ್ಗೆ.

ನಮ್ಮ ಮನೆಯದೂ ಅದೇ ಕಥೆ. ಬೆಂಗಳೂರಿಗೆ ಹೋಗಿದ್ದ ಅಬ್ಬಾ ಕೊಟ್ಟೂರು ತೇರಿನ ಹೊತ್ತಿಗೆ ಬಂದರು. ನಾಲ್ಕು ತಿಂಗಳು ಗಾಡಿಯನ್ನು ಯಾರೂ ಮುಟ್ಟಿರಲಿಲ್ಲ. ಕಿಕ್ ಹೊಡೆದು ಹೊಡೆದು, ಚೋಕ್ ಎಳೆದು ಹೇಗೋ ಸ್ಟಾರ್ಟ್ ಮಾಡಿದರು. ಚೋಕ್ ಬಿಟ್ಟರೆ ಬಂದ್. ಓಡಿಸಿದರೆ ತಾನೇ ಸರಿಹೋಗುತ್ತದೆ ಎಂದು ಎರಡು ದಿನ ಹಾಗೇ ಓಡಿಸಿದರು. ಮೂರನೇ ದಿನ ಎಂಜಿನ್‌ನಲ್ಲಿ ಕಟಕಟ ಸದ್ದು. ಮೆಕ್ಯಾನಿಕ್ ಎಂಜಿನ್ ಆಯಿಲ್ ಬೆರಳಿಗೆ ಹಚ್ಚಿಕೊಂಡು ನನ್ನ ಮೂಗಿಗೆ ಹಿಡಿದರು. ಪೆಟ್ರೋಲ್ ವಾಸನೆ! "ಗಾಡಿ ಚಲೋ ಐತಿ ಭಾಯ್, ಪೆಟ್ರೋಲ್ ಹಳಸೈತಿ" ಎಂದರು. ಬೋರ್, ಪಿಸ್ಟನ್ ಕೆಲಸಕ್ಕೆ 5,500 ರೂಪಾಯಿ. ಅಬ್ಬಾನ ಒಂದು ವಾರದ ದುಡಿಮೆ.

ಪೆಟ್ರೋಲ್ ಹಲವು ಹೈಡ್ರೋಕಾರ್ಬನ್‌ಗಳ ಮಿಶ್ರಣ. ನಿಂತಲ್ಲೇ ನಿಂತರೆ ಹಗುರವಾದವು ಮೊದಲು ಹಾರಿಹೋಗುತ್ತವೆ, ಉಳಿದವು ಗಾಳಿಯ ಆಮ್ಲಜನಕ ಸೇರಿ ಅಂಟಾಗುತ್ತವೆ. ಕಾರ್ಬೊರೇಟರ್‌ನ ಸಣ್ಣ ಬಟ್ಟಲಿನಲ್ಲಿ ಇದು ಬೇಗ ಆಗುತ್ತದೆ. ಅಲ್ಲಿನ ಜೆಟ್‌ನ ತೂತು ಬಹಳ ಸಣ್ಣದು. ಅಂಟು ಅದನ್ನು ಕಟ್ಟಿದರೆ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು, ಎಂಜಿನ್ ಕಾಯುತ್ತದೆ. ಅದೇ ಅಂಟು ಬಟ್ಟಲಿನ ಸೂಜಿಗೆ ಹಿಡಿದರೆ ಪೆಟ್ರೋಲ್ ನಿಲ್ಲುವುದೇ ಇಲ್ಲ. ಟ್ಯಾಪ್ ಬಂದ್ ಮಾಡಿರದಿದ್ದರೆ ತೊಟ್ಟಿಕ್ಕಿ ಸಿಲಿಂಡರಿಗೆ, ಅಲ್ಲಿಂದ ಆಯಿಲಿಗೆ ಇಳಿಯುತ್ತದೆ. ಆಯಿಲ್ ನೀರಾಗಿ ಪಿಸ್ಟನ್ ಸವೆಯುತ್ತದೆ. ನಮಗೆ ಎರಡೂ ಆಗಿತ್ತು.

ಇದನ್ನು ಹೇಳಿದರೆ ಎಲ್ಲರ ಉತ್ತರ ಒಂದೇ: "ಎಲ್ಲಾ ಆ ಎಥನಾಲ್‌ನಿಂದ." ಈಗ ಬಂಕಿನಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್, ನಿಜ. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಬೇರೆಯಾಗಿ ಟ್ಯಾಂಕಿನ ತಳಕ್ಕೆ ಕೂರುತ್ತವೆ, ಎಂಜಿನ್ ಮೊದಲು ಕುಡಿಯುವುದು ಅದನ್ನೇ. ಟ್ಯಾಂಕಿಗೂ ತುಕ್ಕು. ಆದರೆ ಎಥನಾಲ್ ಇಲ್ಲದ ಕಾಲದಲ್ಲೂ ನಿಂತ ಪೆಟ್ರೋಲ್ ಅಂಟಾಗುತ್ತಿತ್ತು. ಮೇಲಾಗಿ ಎಥನಾಲ್ ಮಾಡುವುದು ಕಬ್ಬು, ಮೆಕ್ಕೆಜೋಳದಿಂದ. ಮೆಕ್ಕೆಜೋಳ ಬೆಳೆಯುವ ಮನೆಯವರು ನಮ್ಮ ಕ್ಲಾಸಿನಲ್ಲೇ ಇದ್ದಾರೆ, ಬೈಯುವ ಮೊದಲು ಅವರನ್ನೂ ಕೇಳಿ. ಹೊಸ ಗಾಡಿಗೆ ಕಾರ್ಬೊರೇಟರ್ ಇಲ್ಲ, ಭಯವಿಲ್ಲ ಎನ್ನುವವರೂ ಇದ್ದಾರೆ. 2020ರ ಏಪ್ರಿಲ್‌ನಿಂದ ಬಿಎಸ್-6 ಬಂದ ಮೇಲೆ ಹೆಚ್ಚಿನ ಗಾಡಿಗಳಲ್ಲಿ ಇಂಜೆಕ್ಟರ್ ಇದೆ, ಸರಿ. ಅದೂ ಕಟ್ಟಿಕೊಳ್ಳುತ್ತದೆ. ಗುಳೆ ಹೋಗುವವರ ಮನೆಯಲ್ಲಿರುವುದಂತೂ ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಹಳೆ ಗಾಡಿ.

ಟ್ಯಾಂಕ್ ತುಂಬಿಸಿಟ್ಟು ಹೋಗಿ ಎಂದು ಕೆಲವರು ಹೇಳುತ್ತಾರೆ, ತುಕ್ಕು ಹಿಡಿಯುವುದಿಲ್ಲವಂತೆ. ಲೀಟರಿಗೆ ನೂರು ದಾಟಿರುವಾಗ ಹತ್ತು ಲೀಟರ್ ಹಾಕಿ ಹೋಗುವವರು ಯಾರು? ಹಾಕಿದರೂ ಬರುವವರೆಗೆ ಅದು ಇರುತ್ತದೆಯೇ? ನನ್ನ ಪ್ರಕಾರ, ಹೊರಡುವ ದಿನ ಟ್ಯಾಪ್ ಬಂದ್ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಬಟ್ಟಲು ಖಾಲಿ ಮಾಡುವುದು ಒಳ್ಳೆಯದು. ಖರ್ಚು ಸೊನ್ನೆ. ಲೈಸೆನ್ಸ್ ಇರುವ ಪಕ್ಕದ ಮನೆಯವರು ವಾರಕ್ಕೊಮ್ಮೆ ಓಡಿಸುವುದಾದರೆ ಇನ್ನೂ ಒಳ್ಳೆಯದು.

ಪ್ರಥಮ ಪಿಯುಸಿಯಲ್ಲಿ ಹೈಡ್ರೋಕಾರ್ಬನ್, ದ್ವಿತೀಯದಲ್ಲಿ ಆಲ್ಕೋಹಾಲ್ ಓದುತ್ತೇವೆ. ಎಥನಾಲ್ ನೀರಿನಲ್ಲಿ ಏಕೆ ಬೆರೆಯುತ್ತದೆ ಎಂಬ ಪ್ರಶ್ನೆಗೆ ಹೈಡ್ರೋಜನ್ ಬಂಧ ಎಂದು ಬರೆದು ಅಂಕ ತೆಗೆದುಕೊಂಡಿದ್ದೇನೆ. ಅದೇ ಉತ್ತರ ನಮ್ಮ ಟ್ಯಾಂಕಿನಲ್ಲಿದೆ ಎಂದು ಹೊಳೆದಿರಲಿಲ್ಲ. ಲ್ಯಾಬಿನಲ್ಲಿ ಒಂದು ಹಳೆ ಕಾರ್ಬೊರೇಟರ್ ಬಿಚ್ಚಿ ತೋರಿಸಬೇಕೆಂದು ಉಪನ್ಯಾಸಕರಲ್ಲಿ ನನ್ನ ವಿನಂತಿ. ನಮ್ಮ ಗಾಡಿಯದನ್ನು ತರುತ್ತೇನೆ ಎಂದರೆ ಅಬ್ಬಾ ಒಪ್ಪುತ್ತಿಲ್ಲ. ಮೆಕ್ಯಾನಿಕ್ ಬಳಿ ಒಂದು ಕೇಳಿಟ್ಟಿದ್ದೇನೆ.