ಸ್ಟ್ರಿಂಗ್ ಥಿಯರಿ ಬೇಕು, ಫಿಸಿಕ್ಸ್ ಬೇಡ!

ಬೆಳಿಗ್ಗೆ ಫ್ಯಾಮಿಲಿ ಗ್ರೂಪಿಗೆ ದೊಡ್ಡಪ್ಪನ ಫಾರ್ವರ್ಡ್ ಬಂತು. ಸ್ಟ್ರಿಂಗ್ ಥಿಯರಿ ನಮ್ಮ ಓಂಕಾರದಲ್ಲೇ ಇತ್ತಂತೆ, ಫಾರಿನ್ನಿನವರಿಗೆ ಈಗ ಗೊತ್ತಾಯ್ತಂತೆ. ಎಲ್ಲರೂ ಕೈ ಮುಗಿದರು. ಸಂಜೆ ಅದೇ ಗ್ರೂಪಿನಲ್ಲಿ ಅಕ್ಕ ಬರೆದಳು: ಕುಂದಾಪುರದಲ್ಲಿ ಪಿಯುಸಿ ಓದುವ ಮಗಳಿಗೆ ಬಿಎಸ್ಸಿ ಫಿಸಿಕ್ಸೇ ಬೇಕಂತೆ. ದೊಡ್ಡಪ್ಪನ ಉತ್ತರ ತಕ್ಷಣ ಬಂತು: “ಅದನ್ನ್ ಓದಿ ಎಂತ ಮಾಡುದ್? ಸುಮ್ನೆ ಕಂಪ್ಯೂಟರ್ ಸೈನ್ಸ್ ತಕಣ್ಲಿ.”

ಎರಡೂ ಮೆಸೇಜು ಒಂದೇ ಫೋನಿನಿಂದ, ಒಂದೇ ದಿನ. ನಮಗೆ ವಿಜ್ಞಾನದ ಹೆಮ್ಮೆ ಬೇಕು, ಅದರ ಕೆಲಸ ಬೇಡ.

ಆ ಕೆಲಸ ಹೇಗಿತ್ತು ಅಂತ ಸ್ವಲ್ಪ ಕೇಳಿ. 1968ರಲ್ಲಿ ಇಟಲಿಯ ವೆನೆಜಿಯಾನೋ ಪರಮಾಣು ಬೀಜದೊಳಗಿನ ಪ್ರಬಲ ಬಲವನ್ನು ವಿವರಿಸಲು ಒಂದು ಸೂತ್ರ ಬರೆದ. ಅದರ ಅರ್ಥ ಕಂಪಿಸುವ ತಂತಿ ಅಂತ ನಂಬು, ನೀಲ್ಸನ್, ಸಸ್ಕಿಂಡ್ ಬೇರೆ ಬೇರೆಯಾಗಿ ಗುರುತಿಸಿದರು. ಆದರೆ ಲೆಕ್ಕ ಸರಿಹೋಗಲು 26 ಆಯಾಮ ಬೇಕಾಯ್ತು. ಜೊತೆಗೆ ಯಾರೂ ಕೇಳದ ಒಂದು ತೂಕವಿಲ್ಲದ ಕಣ ಬೇರೆ ಬಂದು ಕೂತಿತು. 1973ರ ಹೊತ್ತಿಗೆ ಕ್ವಾರ್ಕುಗಳ ಸಿದ್ಧಾಂತ ಗೆದ್ದಿತು, ತಂತಿ ಮೂಲೆಗೆ ಬಿತ್ತು.

1974ರಲ್ಲಿ ಶೆರ್ಕ್ ಮತ್ತು ಶ್ವಾರ್ಟ್ಸ್, ಅತ್ತ ಜಪಾನಿನಲ್ಲಿ ಯೊನೆಯಾ, ಆ ಬೇಡದ ಕಣವೇ ಗುರುತ್ವದ ಕಣ ಅಂದರು. ಹೆಚ್ಚಿನವರು ಕಿವಿಗೊಡಲಿಲ್ಲ. 1972ರಲ್ಲಿ ಕ್ಯಾಲ್ಟೆಕ್ ಸೇರಿದ ಶ್ವಾರ್ಟ್ಸ್‌ಗೆ ಹತ್ತಕ್ಕೂ ಹೆಚ್ಚು ವರ್ಷ ಪ್ರೊಫೆಸರ್ ಹುದ್ದೆ ಸಿಗಲಿಲ್ಲ. 1984ರಲ್ಲಿ ಗ್ರೀನ್ ಜೊತೆ ಹತ್ತು ಆಯಾಮದ ಲೆಕ್ಕವನ್ನು ಸರಿಪಡಿಸಿದ ಮೇಲೆ ಜಗತ್ತು ತಿರುಗಿ ನೋಡಿತು. ಪ್ರಯೋಗದ ಸಾಕ್ಷಿ ಇವತ್ತಿಗೂ ಇಲ್ಲ.

ಇದೆಲ್ಲ ಓಂಕಾರದಲ್ಲಿತ್ತು ಅನ್ನುವವರು ಆ 26 ಎಲ್ಲಿತ್ತು ಅಂತ ತೋರಿಸಲಿ. ಲೆಕ್ಕ ಬೇಡವಾದರೆ ಓಂಕಾರವನ್ನು ಅದರ ಪಾಡಿಗೆ ಬಿಡಿ. ಅದಕ್ಕೆ ಫಿಸಿಕ್ಸಿನ ಸರ್ಟಿಫಿಕೇಟ್ ಯಾಕೆ?

ನಮ್ಮೂರು ಕೋಟ, ಕಾರಂತರು ಹುಟ್ಟಿದ ಊರು. ಒಬ್ಬರೇ ಕೂತು ನಾಲ್ಕು ಸಂಪುಟ ‘ವಿಜ್ಞಾನ ಪ್ರಪಂಚ’ವನ್ನು ಕನ್ನಡದಲ್ಲಿ ಕೊಟ್ಟವರು. ಅವರ ಹೆಸರು ಹೇಳಿಕೊಳ್ಳುವ ಊರಿನಲ್ಲಿ ಈಗ ನಾವು ಓದುವುದು ಫಾರ್ವರ್ಡ್.

ಹೊಟ್ಟೆಪಾಡಿನ ಭಯ ಸುಳ್ಳಲ್ಲ. ನಾನೂ ಅದೇ ಭಯಕ್ಕೆ ಎಂಜಿನಿಯರಿಂಗ್ ಸೇರಿದವ. 2015ರ ಜೂನಿನಲ್ಲಿ ಜಗತ್ತಿನ ಸ್ಟ್ರಿಂಗ್ ವಿಜ್ಞಾನಿಗಳೆಲ್ಲ ಬೆಂಗಳೂರಿಗೆ ಬಂದು ವಾರ ಕೂತು ಚರ್ಚಿಸಿದರು. ಅದೇ ಊರಿನಲ್ಲಿದ್ದ ನನಗೆ ಸುದ್ದಿಯೂ ಗೊತ್ತಿರಲಿಲ್ಲ. ಹಾಗಾಗಿ ಈ ಬೈಗುಳದಲ್ಲಿ ನನಗೂ ಪಾಲಿದೆ.

ರಾತ್ರಿ ಅಕ್ಕನ ಮಗಳಿಗೆ ಫೋನಿನಲ್ಲಿ ಈ ಕಥೆ ಹೇಳಿದೆ. ಅವಳು ಕೇಳಿದ್ದು ಒಂದೇ: “ಮಾವ, ಎಲ್ರೂ ಬಿಟ್ ಮೇಲೂ ಅವ್ರ್ ಯಾಕ್ ಬಿಡ್ಲಿಲ್ಲ?”

ಗ್ರೂಪಿನಲ್ಲಿ ಇಷ್ಟು ಜನ ಇದ್ದೇವೆ, ಒಬ್ಬರಿಗೂ ಈ ಪ್ರಶ್ನೆ ಬರಲಿಲ್ಲ. ಅವಳು ಫಿಸಿಕ್ಸ್ ಓದಲಿ. ಬಿಎಸ್ಸಿ ಫೀಸು ನನ್ನದು ಅಂತ ಅಕ್ಕನಿಗೆ ಹೇಳಿದ್ದೇನೆ.