ಸಂಶೋಧಕನ ವೇತನವೂ ಬಯಲುಸೀಮೆಯ ನೀರೂ

ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯ ಹೆಸರಿನಲ್ಲಿಯೇ ಕೆರೆಯೊಂದು ನಿಂತಿದೆ. ಚಿತ್ರದುರ್ಗದ ಸೀಮೆಯಲ್ಲಿ ಕೆರೆಯ ಹೆಸರನ್ನು ಹೊತ್ತ ಊರುಗಳು ಅನೇಕ. ಮಳೆ ಕಡಿಮೆಯಾದ ಈ ನೆಲದಲ್ಲಿ ನೀರೇ ಮೊದಲನೆಯ ಆಸ್ತಿಯೆಂಬುದು ನಮ್ಮ ಪೂರ್ವಿಕರಿಗೆ ತಿಳಿದಿತ್ತು. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣೀವಿಲಾಸ ಸಾಗರವು ಆ ತಿಳಿವಳಿಕೆಯ ದೊಡ್ಡ ರೂಪ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯವು ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಇಂಥ ಸೀಮೆಯ ವಾಚಕರ ಮುಂದೆ ರಸಾಯನ ಶಾಸ್ತ್ರದ ಡಾಕ್ಟರೇಟ್ ಸಂಶೋಧನೆಗೆ ಕೊಡಬೇಕಾದ ಧನಸಹಾಯದ ಮಾತನ್ನೆತ್ತಿದರೆ, “ಕುಡಿಯುವ ನೀರಿಗೇ ತತ್ವಾರವಿರುವಲ್ಲಿ ಈ ದೊಡ್ಡ ಶಾಸ್ತ್ರವೇಕೆ?” ಎಂದು ಕೇಳುವವರಿದ್ದಾರೆ. ಪ್ರಶ್ನೆಯು ನ್ಯಾಯವಾದುದೇ. ಅದಕ್ಕೆ ಉತ್ತರ ಕೊಡದೆ ಹಣ ಕೇಳುವುದು ಸರಿಯಲ್ಲ.

ಬಯಲುಸೀಮೆಯ ನೀರಿನ ಕಷ್ಟವು ಪ್ರಮಾಣಕ್ಕೆ ಮಾತ್ರ ಸೇರಿದ್ದಲ್ಲ, ಗುಣಕ್ಕೂ ಸೇರಿದ್ದು. ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಬಂಡೆಯಿಂದ ಕರಗಿ ಬಂದ ಫ್ಲೋರೈಡು ಬೆರೆತಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ವಿಷವೇರಿದಂತೆ ಮೂಳೆಯೇ ಬಾಗುತ್ತದೆ. ಪಟಿಕ, ಸುಣ್ಣಗಳಿಂದ ಫ್ಲೋರೈಡನ್ನು ತಂಗಿಸುವ ನಲ್ಗೊಂಡ ವಿಧಾನವನ್ನು ನಾಗಪುರದ ವಿಜ್ಞಾನಿಗಳು ಬಹುಕಾಲದ ಹಿಂದೆಯೇ ರೂಪಿಸಿದರು. ಹಳ್ಳಿಗಳಲ್ಲಿ ಈಗ ನಿಂತಿರುವ ಶುದ್ಧ ನೀರಿನ ಘಟಕಗಳು ನೀರನ್ನು ಪೊರೆಯ ಮೂಲಕ ಒತ್ತಿ ಶೋಧಿಸುತ್ತವೆ. ಆದರೆ ಒಳಹೊಕ್ಕ ನೀರಿನಲ್ಲಿ ದೊಡ್ಡದೊಂದು ಪಾಲು ಹೊಲಸಾಗಿ ಹೊರಬೀಳುತ್ತದೆ. ನೀರಿಲ್ಲದ ಸೀಮೆಯಲ್ಲಿ ನೀರನ್ನೇ ಚೆಲ್ಲಿ ನೀರನ್ನು ಶುದ್ಧಿಮಾಡುವ ಸ್ಥಿತಿ ನಮ್ಮದು. ಬೇಡವಾದ ಒಂದೇ ವಸ್ತುವನ್ನು ಹಿಡಿದು ಮಿಕ್ಕದ್ದನ್ನು ಬಿಟ್ಟುಕೊಡುವ ಉಪಾಯವಿಲ್ಲವೇ?

ಆ ಉಪಾಯವನ್ನು ಹುಡುಕುವ ಶಾಸ್ತ್ರಕ್ಕೇ ಸೂಪ್ರಾಮಾಲಿಕ್ಯುಲರ್ ಕೆಮಿಸ್ಟ್ರಿ ಎಂದು ಹೆಸರು. ಅಣುಸಂಘ ರಸಾಯನವೆಂದು ಕನ್ನಡಿಸಬಹುದು. ಸಾಮಾನ್ಯ ರಸಾಯನದಲ್ಲಿ ಪರಮಾಣುಗಳು ಗಟ್ಟಿಯಾಗಿ ಬೆಸೆದು ಅಣುವಾಗುತ್ತವೆ. ಇಲ್ಲಿಯಾದರೋ ಪೂರ್ಣವಾದ ಅಣುಗಳೇ ಒಂದನ್ನೊಂದು ಗುರುತಿಸಿ, ಮೃದುವಾದ ಬಂಧಗಳಿಂದ ಕೂಡಿಕೊಳ್ಳುತ್ತವೆ. ನಮ್ಮ ಚಳ್ಳಕೆರೆಯ ಕಂಬಳಿಗಾರನು ಎಳೆಗೆ ಎಳೆಯನ್ನು ಅಂಟಿಸುವುದಿಲ್ಲ, ಹೆಣೆಯುತ್ತಾನೆ, ಹೆಣೆದದ್ದನ್ನು ಬಿಚ್ಚಲೂಬಹುದು. ಅಣುಸಂಘದ ಮರ್ಮವೂ ಇದೇ. ಅಮೆರಿಕದ ಚಾರ್ಲ್ಸ್ ಪೆಡರ್ಸನ್ನರು 1967ರಲ್ಲಿ ಪ್ರಕಟಿಸಿದ ಕಿರೀಟದಾಕಾರದ ಅಣುವು ಪೊಟ್ಯಾಸಿಯಂ ಅಯಾನನ್ನು ತನ್ನ ಮಧ್ಯದಲ್ಲಿ ಕೂರಿಸಿಕೊಳ್ಳುವುದು ಕಂಡುಬಂದಿತು. ಅವರಿಗೂ ಕ್ರ್ಯಾಮ್, ಲೆನ್ ಎಂಬ ಇಬ್ಬರಿಗೂ 1987ರ ನೊಬೆಲ್ ಪಾರಿತೋಷಕವು ಸಂದಿತು. ಈ ಶಾಸ್ತ್ರದ ಹತ್ತಿರದ ಬಂಧುವಾದ ಲೋಹ-ಸಾವಯವ ಜಾಲಗಳಿಗೆ 2025ರ ನೊಬೆಲ್ ದೊರೆಯಿತು. ಅದನ್ನು ಪಡೆದ ಮೂವರಲ್ಲಿ ಒಬ್ಬರಾದ ಒಮರ್ ಯಾಘಿಯವರು ಅಮ್ಮಾನಿನ ನಿರಾಶ್ರಿತ ಕುಟುಂಬದಲ್ಲಿ, ದಿನವೂ ನೀರು ಬಾರದ ಮನೆಯಲ್ಲಿ ಬೆಳೆದವರು. ಅವರ ಜಾಲಗಳು ಮರುಭೂಮಿಯ ಗಾಳಿಯಿಂದಲೇ ನೀರನ್ನು ಹಿಡಿಯುತ್ತವೆ. ನೀರಡಿಕೆಯನ್ನು ಕಂಡ ಬಾಲಕನು ಪ್ರಯೋಗಶಾಲೆಯನ್ನು ಮುಟ್ಟಿದರೆ ಏನಾಗುವುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಫ್ಲೋರೈಡನ್ನು ಹಿಡಿಯುವ ಅಣುಗಳು ಈಗಾಗಲೇ ಉಂಟು. ಆದರೆ ಫ್ಲೋರೈಡು ನೀರಿನ ಅಣುಗಳನ್ನು ಬಲವಾಗಿ ಅಪ್ಪಿಕೊಂಡಿರುವುದರಿಂದ, ನೀರಿನಲ್ಲಿಯೇ ಅದನ್ನು ಸೆಳೆಯುವುದು ಬಹು ಕಠಿಣ. ಅಗ್ಗವಾಗಿ ಸೆಳೆಯುವುದು ಇನ್ನೂ ಕಠಿಣ. ಒಬ್ಬ ವಿದ್ಯಾರ್ಥಿಯ ಐದು ವರ್ಷಗಳ ಪರಿಶ್ರಮವು ಇದನ್ನು ಬಗೆಹರಿಸೀತೆಂದು ನಾವು ಭರವಸೆ ಕೊಡಲಾರೆವು. ಹಾಗೆ ದುಡಿಯುವವರು ಇಲ್ಲದಿದ್ದರೆ ಅದು ಎಂದಿಗೂ ಬಗೆಹರಿಯದೆಂಬುದನ್ನು ಮಾತ್ರ ಖಂಡಿತವಾಗಿ ಹೇಳಬಲ್ಲೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿಯೂ, 1989ರಲ್ಲಿ ಸ್ಥಾಪಿತವಾದ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿಯೂ ಈ ಶಾಸ್ತ್ರದಲ್ಲಿ ಲೋಕವು ಮೆಚ್ಚುವ ಕೆಲಸ ನಡೆದಿದೆ. ನಮ್ಮ ನಾಡಿನಲ್ಲಿ ಗುರುಗಳ ಕೊರತೆಯಿಲ್ಲ. ಶಿಷ್ಯನ ಊಟದ ಪ್ರಶ್ನೆಯೇ ಉಳಿದಿರುವುದು.

ಆ ಲೆಕ್ಕವನ್ನು ನೋಡೋಣ. ರಾಷ್ಟ್ರೀಯ ಪರೀಕ್ಷೆಯಲ್ಲಿ ಗೆದ್ದ ಕಿರಿಯ ಸಂಶೋಧಕನ ಮಾಸಿಕ ವೇತನವನ್ನು 2019ರಲ್ಲಿ 25,000 ರೂಪಾಯಿಗಳಿಂದ 31,000ಕ್ಕೆ ಏರಿಸಲಾಯಿತು. ಅದಕ್ಕೆ ಮೊದಲು ಸಂಶೋಧಕರು ಬೀದಿಗಿಳಿಯಬೇಕಾಯಿತು. ಅನಂತರ 2023ರ ಜನವರಿಯಿಂದ ಅನ್ವಯವಾಗುವಂತೆ 37,000ಕ್ಕೆ ಏರಿಸಲಾಯಿತು. ಆಜ್ಞೆ ಹೊರಟದ್ದು ಜೂನಿನಲ್ಲಿ. ಅಧಿಕಾರಿಗಳಾದ ನಮ್ಮ ವಾಚಕರಿಗೆ ತುಟ್ಟಿಭತ್ಯವು ವರ್ಷಕ್ಕೆ ಎರಡಾವರ್ತಿ ಪರಿಷ್ಕರಣೆಯಾಗುತ್ತದೆ. ಸಂಶೋಧಕನಿಗೆ ಬೆಲೆಯೇರಿಕೆಯು ನಾಲ್ಕು ವರ್ಷಕ್ಕೊಮ್ಮೆ ಮಾತ್ರ ತಟ್ಟುವುದೇ? 2018ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸಂಶೋಧನಾ ವೇತನವು ಆಯ್ದ ಸಂಸ್ಥೆಗಳ ಕೆಲವರಿಗೆ 70,000 ರೂಪಾಯಿಗಳಿಂದ ಮೊದಲಾಗುತ್ತದೆ. ಕೇಂದ್ರ ವಿಶ್ವವಿದ್ಯಾಲಯಗಳಲ್ಲಿ ಪರೀಕ್ಷೆ ದಾಟದವನಿಗೆ ಗೊತ್ತುಮಾಡಿದ್ದು 8,000. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿಯಾದರೋ ಯಾವ ವೇತನವೂ ಇಲ್ಲದೆ ದುಡಿಯುವವರಿದ್ದಾರೆ. ಒಂದೇ ಬಾಟಲಿಯ ದ್ರಾವಕಕ್ಕೆ ಒಬ್ಬರದೂ ಮತ್ತೊಬ್ಬರದೂ ಬೆಲೆ ಒಂದೇ!

ಯಲ್ಲದಕೆರೆಯಂಥ ಊರಿನ ತರುಣನೊಬ್ಬನು ದಾವಣಗೆರೆಯಲ್ಲಿಯೋ ಶಂಕರಘಟ್ಟದಲ್ಲಿಯೋ ಎಂ.ಎಸ್ಸಿ. ಮುಗಿಸಿದನೆಂದು ಭಾವಿಸೋಣ. ಮನೆಯಲ್ಲಿ ಸಾಲವಿದೆ, ತಂಗಿಯ ಮದುವೆಯಿದೆ. ಔಷಧದ ಕಾರಖಾನೆಯವರು ಮುಂದಿನ ತಿಂಗಳೇ ಸಂಬಳ ಕೊಡುವರು. ವಿಶ್ವವಿದ್ಯಾಲಯವು ಐದು ವರ್ಷದ ಪರಿಶ್ರಮವನ್ನೂ, ಬಂದಾಗ ಬರುವ ವೇತನವನ್ನೂ ಕೊಡುವುದು. ಆತನು ಯಾವುದನ್ನು ಆರಿಸಿಕೊಂಡಾನೆಂದು ವಾಚಕರೇ ಹೇಳಲಿ. ಫ್ಲೋರೈಡಿನ ನೀರು ಕುಡಿದು ಬೆಳೆದವನೇ ಫ್ಲೋರೈಡಿನ ಸಂಶೋಧನೆಯಿಂದ ದೂರ ಸರಿಯುವ ಬಗೆ ಇದು.

ಡಾಕ್ಟರೇಟ್ ಇಲ್ಲದೆಯೇ ಪೆಡರ್ಸನ್ನರು ಆ ಶೋಧವನ್ನು ಮಾಡಲಿಲ್ಲವೇ ಎಂದು ಆಕ್ಷೇಪಿಸುವವರುಂಟು. ನಿಜ, ಅವರಿಗೆ ಡಾಕ್ಟರೇಟ್ ಪದವಿಯಿರಲಿಲ್ಲ. ಆದರೆ ಅವರನ್ನು ದ್ಯುಪಾಂ ಕಂಪನಿಯು ನಲವತ್ತೆರಡು ವರ್ಷ ಸಂಬಳ ಕೊಟ್ಟು ಇಟ್ಟುಕೊಂಡಿತ್ತು. ಬೇರೊಂದು ವಸ್ತುವನ್ನು ಹುಡುಕುತ್ತಿದ್ದಾಗ ಪಾತ್ರೆಯ ತಳದಲ್ಲಿ ಉಳಿದ ಚಿಟಿಕೆ ಬಿಳಿಯ ಹರಳನ್ನು ಅವರು ಚೆಲ್ಲಲಿಲ್ಲ, ಪರೀಕ್ಷಿಸಿದರು. ನಾಳಿನ ಬಾಡಿಗೆಯ ಚಿಂತೆಯಿರುವವನಿಗೆ ಆ ತಾಳ್ಮೆ ಎಲ್ಲಿಂದ ಬರಬೇಕು? ಅವರ ಉದಾಹರಣೆಯು ನಮ್ಮ ವಾದವನ್ನೇ ಪುಷ್ಟೀಕರಿಸುತ್ತದೆ.

2023ರ ಕಾಯಿದೆಯಿಂದ ಹುಟ್ಟಿದ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಯೆಂದು ಸಾರಿದ್ದಾರೆ. ಬಹುಪಾಲು ಸರಕಾರೇತರ ಮೂಲಗಳಿಂದ ಬರಬೇಕೆಂಬ ಎಣಿಕೆ. ಬರುವವರೆಗೆ ಕಾಯುತ್ತ ಕೂರುವುದು ರಾಜ್ಯಕ್ಕೆ ತಕ್ಕದ್ದಲ್ಲ. ನಮ್ಮ ಬೇಡಿಕೆಗಳು ಮಿತವಾದವು. ವೇತನವು ಪ್ರತಿ ತಿಂಗಳೂ ಗೊತ್ತಾದ ದಿನ ಸಲ್ಲಲಿ; ತುಟ್ಟಿಭತ್ಯದಂತೆ ಬೆಲೆಯೊಡನೆ ತಾನಾಗಿಯೇ ಏರಲಿ. ರಾಜ್ಯದ ವಿಶ್ವವಿದ್ಯಾಲಯಗಳ ಪ್ರತಿಯೊಬ್ಬ ಪೂರ್ಣಕಾಲಿಕ ಸಂಶೋಧಕನಿಗೂ ಬದುಕಲು ಸಾಲುವ ಕನಿಷ್ಠ ವೇತನವಿರಲಿ. ಬಯಲುಸೀಮೆಯ ನೀರನ್ನೇ ವಿಷಯವಾಗಿ ಆರಿಸಿಕೊಂಡವರಿಗೆಂದು ಕೆಲವು ವೇತನಗಳನ್ನು ರಾಜ್ಯವು ಪ್ರತ್ಯೇಕವಾಗಿ ಮೀಸಲಿಡಲಿ.

ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಮೈಸೂರು ಸಂಸ್ಥಾನವು 371 ಎಕರೆ ನೆಲವನ್ನು ದಾನ ಮಾಡಿತು. ಶತಮಾನವೊಂದು ಕಳೆದ ಮೇಲೆ ಅದೇ ಮಂದಿರಕ್ಕೆ ಚಳ್ಳಕೆರೆಯ ಬಳಿಯ ಕುದಾಪುರದಲ್ಲಿ ಸುಮಾರು 1,500 ಎಕರೆ ದೊರೆಯಿತು. ಅದು ದನಕುರಿಗಳು ಮೇಯುತ್ತಿದ್ದ ಕಾವಲು. ಜಿಲ್ಲೆಯ ಜನರು ವಿಜ್ಞಾನಕ್ಕೆ ತಮ್ಮ ಹುಲ್ಲುಗಾವಲನ್ನು ಬಿಟ್ಟುಕೊಟ್ಟಿದ್ದಾರೆ. ಪ್ರತಿಯಾಗಿ ತಮ್ಮ ಮಕ್ಕಳಿಗೆ ಅದರ ಪ್ರಯೋಗಶಾಲೆಯಲ್ಲಿ ಒಂದು ಪೀಠವನ್ನೂ ಒಂದು ಹೊತ್ತಿನ ನೆಮ್ಮದಿಯ ಊಟವನ್ನೂ ಕೇಳುವುದು ಭಿಕ್ಷೆಯಲ್ಲ, ಸಲ್ಲಬೇಕಾದ ಋಣ. ಕೆರೆ ಕಟ್ಟಿಸಿದವನು ಅದು ತುಂಬುವ ವರ್ಷವನ್ನು ಕೇಳಿ ಕಲ್ಲಿಡಲಿಲ್ಲ. ಸರಕಾರವೂ ಆ ಲೆಕ್ಕವನ್ನೇ ಹಿಡಿಯಲಿ.